ಮಹಾನಾಲೆ ಮತ್ತು ಮೂರು ತೂಬು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟದವರಿಗೆ ಈ ಪೇಚು ಹೊಸದಲ್ಲ. ಬೋರಿನಿಂದ ಬರುವ ದೊಡ್ಡ ಪೈಪು ನೆಲದೊಳಗೆ ಎಲ್ಲೋ ಒಡೆದು ಸೋರಲು ತೊಡಗುತ್ತದೆ. ಅಗೆದು ಬದಲಿಸೋಣವೆಂದರೆ ಮೇಲೆ ಫಲ ಬಿಡುವ ಮರಗಳಿವೆ, ಸುತ್ತ ಬೇರು ಹೆಣೆದುಕೊಂಡಿದೆ. ಹಳೆಯ ಪೈಪಿನ ಒಳಗೇ ಸ್ವಲ್ಪ ಸಣ್ಣದಾದ ಹೊಸ ಪೈಪು ತೂರಿಸಿದರೆ ಹೇಗೆ ಎಂದು ಯಾರಿಗಾದರೂ ಹೊಳೆಯಬಹುದು. ಸೋರಿಕೆ ನಿಲ್ಲುತ್ತದೆ, ನೆಲವನ್ನೂ ಅಗೆಯಬೇಕಿಲ್ಲ. ಆದರೆ ಕೆಲವು ದಿನ ಕಳೆದು ನೋಡಿದರೆ ಎಡಬಲದ ಸಾಲುಗಳ ಬುಡ ಒಣಗಿರುತ್ತದೆ. ಹಳೆಯ ಪೈಪಿನಿಂದ ಒಂದೊಂದು ಸಾಲಿಗೂ ಕವಲೊಡೆದಿದ್ದ ಬಾಯಿಗಳನ್ನು ಹೊಸ ಪೈಪು ಒಳಗಿನಿಂದ ಮುಚ್ಚಿಬಿಟ್ಟಿರುತ್ತದೆ.

ಇಂಥದೇ ಉಪಾಯವನ್ನು ಶಸ್ತ್ರವೈದ್ಯರು ಮನುಷ್ಯನ ಹೊಟ್ಟೆಯೊಳಗೆ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಮಾಡುತ್ತ ಬಂದಿದ್ದಾರೆ. ಉಬ್ಬಿ ಒಡೆಯುವ ಸ್ಥಿತಿಗೆ ಬಂದ ದೊಡ್ಡ ರಕ್ತನಾಳದೊಳಗೆ ಲೋಹದ ಬಲೆ ಮತ್ತು ಬಟ್ಟೆಯಿಂದ ಮಾಡಿದ ಕೊಳವೆಯನ್ನು ಇಳಿಸುತ್ತಾರೆ. ಇದಕ್ಕೆ ಸ್ಟೆಂಟ್ ಎಂದು ಹೆಸರು. ತೋಟದ ರೈತನಿಗೆ ಎದುರಾದ ಪ್ರಶ್ನೆಯೇ ವೈದ್ಯರಿಗೂ ಎದುರಾಯಿತು. ಸೋರಿಕೆಯೇನೋ ನಿಲ್ಲುತ್ತದೆ, ಆದರೆ ಕವಲುಗಳ ಗತಿಯೇನು? ಅದರಲ್ಲೂ ಕರುಳಿಗೆ ರಕ್ತ ಒಯ್ಯುವ ಕವಲುಗಳ ಗತಿಯೇನು? ಇದಕ್ಕೆ ಉತ್ತರವನ್ನು ಮೊದಲು ಹೇಳಿದ್ದು ಮನುಷ್ಯರಲ್ಲ. ನಾಯಿ, ಹಂದಿ, ಕುರಿಗಳು ಹೇಳಿದವು. ಅವು ಹೇಳಿದ್ದರಲ್ಲಿ ಎಷ್ಟು ನಮಗೆ ಹೊಂದಿತು, ಎಷ್ಟು ಹೊಂದಲಿಲ್ಲ ಎಂಬುದು ಇನ್ನೂರು ವರ್ಷಗಳ ಕಥೆ.

ಒಡಲೊಳಗಿನ ನೀರಾವರಿ

ಮೊದಲು ದೇಹದ ನಕ್ಷೆ ನೋಡೋಣ. ಗೊರೂರಿನಲ್ಲಿ ತಡೆದ ಹೇಮಾವತಿಯ ನೀರು ಬಾಗೂರು-ನವಿಲೆ ಸುರಂಗ ದಾಟಿ ತುಮಕೂರು ಜಿಲ್ಲೆಯ ನಾಲೆಗೆ ಬೀಳುತ್ತದೆ. ಅಲ್ಲಿಂದ ವಿತರಣಾ ನಾಲೆಗಳು, ಅವುಗಳಿಂದ ಕಾಲುವೆಗಳು, ಕೊನೆಗೆ ಕೆರೆ. ಹೃದಯದಿಂದ ಹೊರಡುವ ಮಹಾಪಧಮನಿಯದೂ ಇದೇ ಏರ್ಪಾಡು. ಎದೆಯಲ್ಲಿ ಕಮಾನಿನಂತೆ ಬಾಗಿ, ಬೆನ್ನೆಲುಬಿಗೆ ಒತ್ತಿಕೊಂಡು ಹೊಟ್ಟೆಗೆ ಇಳಿಯುವ ಈ ಕೊಳವೆ ಹೊಟ್ಟೆಯ ಭಾಗದಲ್ಲಿ ಸುಮಾರು 2 ಸೆಂಟಿಮೀಟರ್ ಅಗಲವಿರುತ್ತದೆ. ಹೊಕ್ಕುಳಿನ ಮಟ್ಟದ ಹತ್ತಿರ ಎರಡಾಗಿ ಸೀಳಿ ಕಾಲುಗಳತ್ತ ಹೋಗುತ್ತದೆ.

ಈ ಮಹಾನಾಲೆಯ ಮುಂಬದಿಯಲ್ಲಿ ಜೀರ್ಣಾಂಗಗಳಿಗೆಂದೇ ಮೂರು ತೂಬುಗಳಿವೆ. ಮೇಲಿನ ತೂಬಿನಿಂದ ಜಠರ, ಯಕೃತ್ತು, ಗುಲ್ಮಗಳಿಗೆ ರಕ್ತ ಹೋಗುತ್ತದೆ. ಅದರ ಸ್ವಲ್ಪ ಕೆಳಗಿನ ನಡುತೂಬು ಸಣ್ಣ ಕರುಳಿನ ಬಹುಭಾಗಕ್ಕೂ ದೊಡ್ಡ ಕರುಳಿನ ಮೊದಲರ್ಧಕ್ಕೂ ಆಸರೆ. ಮೂತ್ರಪಿಂಡಗಳ ಕವಲುಗಳಿಂದ ಇನ್ನಷ್ಟು ಕೆಳಗಿರುವ ಮೂರನೆಯದು ಎಲ್ಲಕ್ಕಿಂತ ಸಣ್ಣದು. ದೊಡ್ಡ ಕರುಳಿನ ಉಳಿದರ್ಧಕ್ಕೆ ಅದೇ ಗತಿ. ಸುಮ್ಮನೆ ಕುಳಿತ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಒತ್ತುತ್ತದೆ. ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಜೀರ್ಣಾಂಗಗಳ ಪಾಲು. ಊಟವಾದ ಮೇಲೆ ಈ ಬೇಡಿಕೆ ಇನ್ನೂ ಏರುತ್ತದೆ. ತೂಬುಗಳ ಬಾಯಿ ಕಿರಿದಾದ ಮುದುಕರಿಗೆ ಉಂಡ ಸ್ವಲ್ಪ ಹೊತ್ತಿಗೇ ಹೊಟ್ಟೆ ಹಿಂಡುವುದು ಇದರಿಂದಲೇ. ಕೊನೆಕೊನೆಗೆ ಮುದ್ದೆಯ ತಟ್ಟೆ ಕಂಡರೇ ಹೆದರಿ, ಉಣ್ಣುವುದನ್ನೇ ಬಿಟ್ಟು ಸೊರಗುತ್ತಾರೆ.

ತೆಂಗಿನ ಮರ ಈ ವಿಷಯದಲ್ಲಿ ನಮಗಿಂತ ಅದೃಷ್ಟವಂತ. ಅದರ ಕಾಂಡದಲ್ಲಿ ಒಂದೇ ದೊಡ್ಡ ಕೊಳವೆಯಿಲ್ಲ. ನೀರು ಒಯ್ಯುವ ಸಾವಿರಾರು ಸಣ್ಣ ನಾರುಕಟ್ಟುಗಳು ಕಾಂಡದ ತುಂಬ ಹರಡಿಕೊಂಡಿವೆ. ಒಂದು ಪಕ್ಕ ಗಾಯವಾದರೂ ಸುಳಿ ಹಸಿರಾಗಿಯೇ ಉಳಿಯುತ್ತದೆ. ನಮಗೋ ಇರುವುದು ಒಂದೇ ಮಹಾನಾಲೆ. ವಯಸ್ಸು, ಬೀಡಿ-ಸಿಗರೇಟು, ರಕ್ತದೊತ್ತಡ ಸೇರಿ ಅದರ ಗೋಡೆಯನ್ನು ಸಡಿಲಿಸಿದಾಗ ಅದು ಬಲೂನಿನಂತೆ ಊದುತ್ತದೆ. 3 ಸೆಂಟಿಮೀಟರ್ ದಾಟಿದರೆ ಉಬ್ಬು ಎನ್ನುತ್ತಾರೆ. ಗಂಡಸರಲ್ಲಿ ಐದೂವರೆ ಸೆಂಟಿಮೀಟರ್ ಮುಟ್ಟಿದರೆ ಏನಾದರೂ ಮಾಡಲೇಬೇಕೆನ್ನುತ್ತಾರೆ. ಅಲ್ಲಿಯವರೆಗೆ ಸಾಮಾನ್ಯವಾಗಿ ನೋವಿಲ್ಲ, ಸೂಚನೆಯಿಲ್ಲ. ಒಡೆದರೆ ಮಾತ್ರ ಆಸ್ಪತ್ರೆ ಮುಟ್ಟುವ ಮೊದಲೇ ಅನೇಕರ ಪ್ರಾಣ ಹೋಗುತ್ತದೆ.

ನಾಯಿ ಬದುಕಿತು, ಮನುಷ್ಯ ಬದುಕಲಿಲ್ಲ

ಕಥೆ ಲಂಡನ್ನಿನಿಂದ ಶುರುವಾಗುತ್ತದೆ. 1817ರಲ್ಲಿ ಆಸ್ಟ್ಲಿ ಕೂಪರ್ ಎಂಬ ಹೆಸರಾಂತ ಶಸ್ತ್ರವೈದ್ಯನ ಬಳಿಗೆ ತೊಡೆಸಂದಿನ ಮೇಲ್ಭಾಗದಲ್ಲಿ ರಕ್ತನಾಳ ಉಬ್ಬಿ ರಕ್ತ ಸುರಿಯುತ್ತಿದ್ದ ಕೂಲಿಯಾಳೊಬ್ಬ ಬಂದ. ಬೇರೆ ದಾರಿ ಕಾಣದೆ ಕೂಪರ್ ಹೊಟ್ಟೆಯ ಮಹಾಪಧಮನಿಗೇ ದಾರ ಬಿಗಿದು ಕಟ್ಟಿದ. ಅರಿವಳಿಕೆ ಇನ್ನೂ ಬಂದಿರದ ಕಾಲ ಅದು. ಆತನಿಗೆ ಧೈರ್ಯ ಕೊಟ್ಟದ್ದು ನಾಯಿಗಳ ಮೇಲೆ ಹಿಂದೆ ಮಾಡಿದ್ದ ಪ್ರಯೋಗ. ನಾಯಿಯ ಮಹಾಪಧಮನಿಯನ್ನು ಕಟ್ಟಿದರೂ ಅಕ್ಕಪಕ್ಕದ ಸಣ್ಣ ನಾಳಗಳು ಹಿಗ್ಗಿ ಕೆಳಗಿನ ಭಾಗಕ್ಕೆ ರಕ್ತ ಒಯ್ದಿದ್ದವು, ನಾಯಿ ಬದುಕಿತ್ತು. ಕೂಪರನ ರೋಗಿ ಮಾತ್ರ ಸುಮಾರು 40 ಗಂಟೆಗಳಲ್ಲಿ ಸತ್ತ.

ಈ ಒಂದು ಘಟನೆಯಲ್ಲಿ ಮುಂದಿನ ಇನ್ನೂರು ವರ್ಷಗಳ ಪಾಠ ಅಡಗಿದೆ. ನಾಯಿ ಸುಳ್ಳು ಹೇಳಲಿಲ್ಲ. ಒಂದು ದಾರಿ ಮುಚ್ಚಿದರೆ ದೇಹ ಬಳಸುದಾರಿ ಹುಡುಕುತ್ತದೆ ಎಂದು ಅದು ತೋರಿಸಿದ್ದು ಸತ್ಯ. ಆದರೆ ಆ ನಾಯಿ ಆರೋಗ್ಯವಾಗಿತ್ತು, ಅದರ ನಾಳಗಳು ಮೆತ್ತಗಿದ್ದವು. ಕೂಪರನ ಮುಂದೆ ಮಲಗಿದ್ದವನ ನಾಳಗಳು ಮೊದಲೇ ಕೆಟ್ಟಿದ್ದವು, ರಕ್ತ ಬಸಿದು ಅವನು ಸೋತಿದ್ದ. ಪ್ರಾಣಿ ಕೊಟ್ಟ ಉತ್ತರವನ್ನು ಓದುವಾಗ ಪ್ರಶ್ನೆ ಯಾರನ್ನು ಕೇಳಿದ್ದೆಂಬುದನ್ನು ಮರೆಯಬಾರದು.

ಕರುಳಿನ ಮಾತನ್ನು ನೇರವಾಗಿ ಎತ್ತಿದವನು ಜರ್ಮನಿಯ ಮೊರಿಟ್ಸ್ ಲಿಟ್ಟನ್. 1875ರಲ್ಲಿ ಆತ ನಾಯಿಗಳ ನಡುತೂಬನ್ನು ಕಟ್ಟಿ ನೋಡಿದ ಪ್ರಯೋಗಗಳನ್ನು ಪ್ರಕಟಿಸಿದ. ಆ ಅಪಧಮನಿಗೆ ಮೇಲಿನಿಂದಲೂ ಕೆಳಗಿನಿಂದಲೂ ನೆರೆಯ ನಾಳಗಳ ಜೋಡಣೆ ಇದೆಯೆಂದು ಶರೀರ ಕೊಯ್ದು ನೋಡಿದವರೆಲ್ಲರಿಗೂ ಗೊತ್ತಿತ್ತು. ಆದರೂ ಹಠಾತ್ತನೆ ಕಟ್ಟಿದಾಗ ಕರುಳು ಕಪ್ಪಾಗಿ, ರಕ್ತ ಒಸರಿ ಸತ್ತುಹೋಯಿತು. ದಾರಿ ಇದೆ ಎನ್ನುವುದು ಬೇರೆ, ಬೇಕಾದ ಹೊತ್ತಿಗೆ ಬೇಕಾದಷ್ಟು ನೀರು ಅದರಲ್ಲಿ ಹರಿಯುತ್ತದೆ ಎನ್ನುವುದು ಬೇರೆ ಎಂಬುದೇ ಲಿಟ್ಟನ್ ಕಂಡ ಸತ್ಯ. ಮೆಲ್ಲಗೆ, ತಿಂಗಳುಗಟ್ಟಲೆ ಮುಚ್ಚುತ್ತ ಬಂದ ತೂಬಿಗೆ ದೇಹ ಬದಲಿ ವ್ಯವಸ್ಥೆ ಮಾಡಿಕೊಳ್ಳುತ್ತದೆ. ಒಂದೇ ಏಟಿಗೆ ಮುಚ್ಚಿದರೆ ಅದಕ್ಕೆ ಸಮಯವೇ ಇರುವುದಿಲ್ಲ. ಸ್ಟೆಂಟಿನ ಬಟ್ಟೆ ತೂಬನ್ನು ಮುಚ್ಚುವುದು ಈ ಎರಡನೆಯ ರೀತಿಯಲ್ಲಿ.

ಗಾಜಿನ ಕೊಳವೆ, ಪ್ಯಾರಾಚೂಟಿನ ಬಟ್ಟೆ

ನಾಲೆಯೊಳಗೆ ಕೊಳವೆ ಇಡುವ ಯೋಚನೆಯೂ ಹಳೆಯದೇ. ರಕ್ತನಾಳಗಳನ್ನು ಹೊಲಿಯುವ ವಿದ್ಯೆಗಾಗಿ 1912ರಲ್ಲಿ ನೊಬೆಲ್ ಬಹುಮಾನ ಪಡೆದ ಅಲೆಕ್ಸಿಸ್ ಕ್ಯಾರೆಲ್ ಅದೇ ವರ್ಷ ನಾಯಿಗಳ ಎದೆಯ ಮಹಾಪಧಮನಿಯಲ್ಲಿ ಗಾಜಿನ ಮತ್ತು ಲೋಹದ ಕೊಳವೆಗಳನ್ನು ಇರಿಸಿದ ಫಲಿತಾಂಶವನ್ನು ಪ್ರಕಟಿಸಿದ. ಗಡುಸಾದ ಕೊಳವೆ ಮೆತ್ತನೆಯ ನಾಳಕ್ಕೆ ಹೊಂದಲಿಲ್ಲ. ಯೋಚನೆ ಐವತ್ತು ವರ್ಷ ಮೂಲೆಗೆ ಬಿತ್ತು.

ಅಷ್ಟರಲ್ಲಿ ಉಬ್ಬಿದ ಭಾಗವನ್ನೇ ಕತ್ತರಿಸಿ ಬದಲಿಸುವ ದಾರಿ ತೆರೆಯಿತು. 1951ರ ಮಾರ್ಚಿಯಲ್ಲಿ ಪ್ಯಾರಿಸ್ಸಿನ ಶಾರ್ಲ್ ದ್ಯೂಬೊ ಹೊಟ್ಟೆಯ ಉಬ್ಬನ್ನು ತೆಗೆದು ಮೃತದೇಹವೊಂದರ ನಾಳವನ್ನು ಆ ಜಾಗಕ್ಕೆ ಹೊಲಿದ. ಆದರೆ ಸತ್ತವರ ನಾಳಗಳು ಎಷ್ಟೆಂದು ಸಿಕ್ಕಾವು? ನ್ಯೂಯಾರ್ಕಿನಲ್ಲಿ ತರಬೇತಿಯಲ್ಲಿದ್ದ ಯುವ ವೈದ್ಯ ಆರ್ಥರ್ ವೂರ್ಹೀಸ್ ಒಂದು ಸಂಗತಿ ಗಮನಿಸಿದ್ದ. ಪ್ರಯೋಗಕ್ಕೆ ಒಳಗಾದ ನಾಯಿಯೊಂದರ ಹೃದಯದಲ್ಲಿ ಉಳಿದುಹೋಗಿದ್ದ ರೇಷ್ಮೆ ದಾರದ ಮೇಲೆ ಕೆಲವು ತಿಂಗಳಲ್ಲಿ ನುಣುಪಾದ ಪೊರೆ ಬೆಳೆದಿತ್ತು. ದಾರದ ಮೇಲೆ ಬೆಳೆದದ್ದು ಬಟ್ಟೆಯ ಮೇಲೂ ಬೆಳೆಯಬಾರದೇಕೆ? ವಿನಿಯಾನ್ ಎಂಬ ಕೃತಕ ನೂಲಿನ ಪ್ಯಾರಾಚೂಟ್ ಬಟ್ಟೆಯಿಂದ ಕೊಳವೆ ಹೊಲಿದು ನಾಯಿಗಳಲ್ಲಿ ಪರೀಕ್ಷಿಸಿ 1952ರಲ್ಲಿ ಪ್ರಕಟಿಸಿದ. ಇಂದಿನ ಡೆಕ್ರಾನ್ ನಾಳಗಳೆಲ್ಲ ಆ ಪೊರೆಯ ಸಂತಾನ.

ಈ ಶಸ್ತ್ರಕ್ರಿಯೆ ಬಂದದ್ದು ತಡವಾಯಿತೆಂಬುದಕ್ಕೆ ಜಗತ್ತೇ ಬಲ್ಲ ಸಾಕ್ಷಿ ಆಲ್ಬರ್ಟ್ ಐನ್‌ಸ್ಟೈನ್. 1948ರಲ್ಲಿ ಅವರ ಹೊಟ್ಟೆಯಲ್ಲಿ ದೊಡ್ಡ ಉಬ್ಬು ಕಂಡ ರುಡಾಲ್ಫ್ ನಿಸ್ಸೆನ್ ಬೇರೇನೂ ಮಾಡಲು ದಾರಿಯಿಲ್ಲದೆ ಅದಕ್ಕೆ ಸೆಲೋಫೇನ್ ಹಾಳೆ ಸುತ್ತಿ ಮುಚ್ಚಿದರು. ಹಾಳೆ ಕೆರಳಿಸಿದ ಜಾಗದಲ್ಲಿ ಗಟ್ಟಿ ಅಂಗಾಂಶ ಬೆಳೆದು ಉಬ್ಬನ್ನು ಹಿಡಿದಿಡಲೆಂಬ ಆಸೆ. ಆರು ವರ್ಷಕ್ಕೂ ಮೇಲೆ ಅದು ತಡೆಯಿತು. 1955ರ ಏಪ್ರಿಲಿನಲ್ಲಿ ಉಬ್ಬು ಒಡೆದಾಗ ಐನ್‌ಸ್ಟೈನ್ ಮತ್ತೆ ಶಸ್ತ್ರಕ್ರಿಯೆ ಬೇಡವೆಂದರು. 18ರಂದು ತೀರಿಕೊಂಡರು.

ಹೊಟ್ಟೆ ಬಗೆದು ಮಾಡುವ ಶಸ್ತ್ರಕ್ರಿಯೆ ನುರಿತವರ ಕೈಯಲ್ಲಿ ಪಳಗಿತು. ಅಲ್ಲಿಯೂ ಕರುಳಿನ ಭಯ ಬಿಡಲಿಲ್ಲ. ಉಬ್ಬು ಬದಲಿಸುವಾಗ ಮೂರನೆಯ ತೂಬನ್ನು ಬಹಳ ಸಲ ಬಲಿಕೊಡಬೇಕಾಗುತ್ತದೆ. ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ದೊಡ್ಡ ಕರುಳು ರಕ್ತವಿಲ್ಲದೆ ಬಾಡುತ್ತದೆ, ಉಬ್ಬು ಒಡೆದ ಮೇಲೆ ಬಂದವರಲ್ಲಿ ಇನ್ನೂ ಹೆಚ್ಚು. ಬಾಡುವ ಜಾಗ ಎಲ್ಲೆಂದರಲ್ಲಿ ಅಲ್ಲ. ನಡುತೂಬಿನ ಕೊನೆಯ ಕವಲೂ ಕೆಳತೂಬಿನ ಕೊನೆಯ ಕವಲೂ ಸಂಧಿಸುವ, ಗುಲ್ಮದ ಬಳಿಯ ತಿರುವು ಅದು. ನಾಲೆಯ ಕೊನೆಯಂಚಿನ ಜಮೀನು ಹೇಗೋ ಹಾಗೆ. ನೀರು ಧಾರಾಳವಾಗಿದ್ದಾಗ ಎರಡು ಕಡೆಯಿಂದಲೂ ಬರುತ್ತದೆ. ಬರ ಬಂದಾಗ ಎರಡೂ ಕಡೆಯವರಿಗೆ ಅದು ಕೊನೆಯ ಸರದಿ.

ತಂತಿ ಮುಚ್ಚೀತೆ, ಬಟ್ಟೆ ಮುಚ್ಚೀತೆ?

ಹೊಟ್ಟೆ ಬಗೆಯದೆಯೇ ತೊಡೆಸಂದಿನ ನಾಳದ ಮೂಲಕ ಒಳಹೊಕ್ಕು ದುರಸ್ತಿ ಮಾಡುವ ಕನಸು ಕಂಡವರಲ್ಲಿ ಅಮೆರಿಕದ ಆರೆಗನ್ನಿನ ಚಾರ್ಲ್ಸ್ ಡಾಟರ್ ಮೊದಲಿಗ. 1964ರಲ್ಲಿ ಕಟ್ಟಿಕೊಂಡ ಕಾಲಿನ ನಾಳವೊಂದನ್ನು ಸಣ್ಣ ನಳಿಕೆಯಿಂದಲೇ ಹಿಗ್ಗಿಸಿದ. 1969ರಲ್ಲಿ ಸ್ಪ್ರಿಂಗಿನಂತೆ ಸುತ್ತಿದ ತಂತಿಯನ್ನು ನಾಯಿಗಳ ಕಾಲಿನ ನಾಳದೊಳಗೆ ಇರಿಸಿದ್ದನ್ನು ವರದಿ ಮಾಡಿದ. ಬಿಸಿಗೆ ತನ್ನ ಆಕಾರವನ್ನು ನೆನಪಿಸಿಕೊಂಡು ಅರಳುವ ನಿಕಲ್-ಟೈಟೇನಿಯಂ ಮಿಶ್ರಲೋಹ ನಿಟಿನಾಲಿನ ಸುರುಳಿಗಳು 1983ರಲ್ಲಿ ಬಂದವು. ಅವನ್ನೂ ಮೊದಲು ಹೊತ್ತದ್ದು ನಾಯಿಗಳೇ.

ಈಗ ತೂಬಿನ ಪ್ರಶ್ನೆ ನೇರವಾಗಿ ಎದ್ದಿತು. ಬಟ್ಟೆಯಿಲ್ಲದ ಬರಿಯ ತಂತಿಯ ಬಲೆ ಕವಲಿನ ಬಾಯಿಗೆ ಅಡ್ಡಲಾಗಿ ನಿಂತರೆ ಏನಾಗುತ್ತದೆ? ಹ್ಯೂಸ್ಟನ್ನಿನಲ್ಲಿ ಜ್ಯಾನ್‌ಟುರ್ಕೊ ಮತ್ತು ಸಂಗಡಿಗರು ಅಂಕುಡೊಂಕಾಗಿ ಬಗ್ಗಿಸಿದ ಉಕ್ಕಿನ ತಂತಿಯ ಸ್ಟೆಂಟುಗಳನ್ನು ನಾಯಿಗಳಲ್ಲಿ ಇರಿಸಿ 1985ರಲ್ಲಿ ಫಲಿತಾಂಶ ಹೇಳಿದರು: ತಂತಿ ಅಡ್ಡ ಬಂದ ಕವಲುಗಳು ತೆರೆದೇ ಉಳಿದಿದ್ದವು.

ಏಕೆಂಬುದನ್ನು ಸಣ್ಣ ಲೆಕ್ಕದಿಂದ ನೋಡಬಹುದು. 6 ಮಿಲಿಮೀಟರ್ ಅಗಲದ ದುಂಡು ಬಾಯಿಗೆ ಅರ್ಧ ಮಿಲಿಮೀಟರಿಗಿಂತ ತೆಳುವಾದ, 0.4 ಮಿಲಿಮೀಟರ್ ದಪ್ಪದ ಒಂದು ತಂತಿ ಸರಿಮಧ್ಯದಲ್ಲಿ ಹಾದುಹೋದರೆ ಮುಚ್ಚುವುದು ನೂರಕ್ಕೆ ಎಂಟೊಂಬತ್ತು ಭಾಗ ಮಾತ್ರ. ತೂಬಿಗೆ ಅಡ್ಡಲಾಗಿ ಒಂದು ಕಡ್ಡಿ ಇಟ್ಟಷ್ಟೇ. ಆದರೆ ವೂರ್ಹೀಸ್ ಕಂಡ ಆ ಪೊರೆಯನ್ನು ಮರೆಯಬಾರದು. ಅದು ತಂತಿಯ ಮೇಲೂ ಬೆಳೆಯುತ್ತದೆ. ಪೊರೆ ಸೇರಿ ಅಗಲ 1 ಮಿಲಿಮೀಟರ್ ಆಯಿತೆಂದರೆ ಬಾಯಿಯ ಐದರಲ್ಲಿ ಒಂದು ಭಾಗ ಹೋಯಿತು. ಎರಡು ಮೂರು ತಂತಿಗಳು ಅಡ್ಡಬಂದರೆ, ಅಥವಾ ತಂತಿಗಳು ಕೂಡುವ ಗಂಟು ಸರಿಯಾಗಿ ಬಾಯಿಯ ಮೇಲೆಯೇ ಕುಳಿತರೆ, ಕಡ್ಡಿಗೆ ಕಸ ಸಿಕ್ಕಿಕೊಂಡು ತೂಬು ಕಟ್ಟಿದಂತೆ ಆಗಬಹುದು. ನಾಯಿ, ಹಂದಿಗಳಲ್ಲಿ ಇಂಥ ಸ್ಟೆಂಟುಗಳನ್ನಿಟ್ಟು ತಿಂಗಳುಗಟ್ಟಲೆ ಕಾದು ನೋಡುವುದು ಈ ಕಾರಣಕ್ಕೆ. ಮೊದಲ ದಿನದ ಚಿತ್ರ ಚೆನ್ನಾಗಿದ್ದರೆ ಸಾಲದು.

ಬಟ್ಟೆ ಹೊದಿಸಿದ ಸ್ಟೆಂಟಿನ ಮಾತೇ ಬೇರೆ. ಅದು ತೂಬನ್ನು ಪೂರ್ತಿ ಮುಚ್ಚುತ್ತದೆ. ಆದರೂ ಉಬ್ಬಿನ ಬಾಯಿ ಮುಚ್ಚಬೇಕೆಂದರೆ ಬಟ್ಟೆ ಬೇಕೇ ಬೇಕು. 1986ರಲ್ಲಿ ಬಾಲ್ಕೊ ಎಂಬ ಸಂಶೋಧಕ ಮತ್ತು ಸಂಗಡಿಗರು ಕುರಿಗಳಲ್ಲಿ ಇಂಥ ಕೊಳವೆಯನ್ನು ತೊಡೆಯ ಮೂಲಕ ಇಳಿಸಿದ್ದನ್ನು ವರದಿ ಮಾಡಿದರು. 1987ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ಖಾರ್ಕಿವ್ ನಗರದಲ್ಲಿ ನಿಕೊಲಾಯ್ ವೊಲೊಡೋಸ್ ರೋಗಿಯೊಬ್ಬನ ಎದೆಯ ಮಹಾಪಧಮನಿಯಲ್ಲಿ ಬಟ್ಟೆ ಹೊದಿಸಿದ ಸ್ಟೆಂಟ್ ಇರಿಸಿದ. ಹೊರಜಗತ್ತಿಗೆ ಆ ಸುದ್ದಿ ತಲುಪಿದ್ದು ತಡವಾಗಿ. 1990ರ ಸೆಪ್ಟೆಂಬರಿನಲ್ಲಿ ಬ್ವೆನೊಸ್ ಐರಿಸ್‌ನಲ್ಲಿ ಹ್ವಾನ್ ಪರೋದಿ ಹೊಟ್ಟೆಯ ಉಬ್ಬಿಗೆ ಇದೇ ಚಿಕಿತ್ಸೆ ಮಾಡಿ ಮರುವರ್ಷ ಪ್ರಕಟಿಸಿದ. ಅದಕ್ಕೆ ಮುನ್ನ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವನ ಕೈಯಲ್ಲಿ ಯೋಚನೆ ಮಾಗಿತ್ತು, ನಾಯಿಗಳಲ್ಲಿ ಪರೀಕ್ಷೆ ನಡೆದಿತ್ತು.

ಹೊಟ್ಟೆಯ ಉಬ್ಬುಗಳಲ್ಲಿ ಹೆಚ್ಚಿನವು ಮೂತ್ರಪಿಂಡದ ಕವಲಿಗಿಂತ ಕೆಳಗಿರುತ್ತವೆ. ಅಲ್ಲಿ ಬಟ್ಟೆಯ ಕೊಳವೆ ಇಟ್ಟರೆ ಮುಚ್ಚುವುದು ಮೂರನೆಯ ತೂಬೊಂದೇ. ವಯಸ್ಸಾದ ರೋಗಿಗಳಲ್ಲಿ ಉಬ್ಬಿನೊಳಗಿನ ಹೆಪ್ಪಿನಿಂದ ಅದು ಬಹಳ ಸಲ ಮೊದಲೇ ಮುಚ್ಚಿರುತ್ತದೆ. ದೇಹ ನಿಧಾನವಾಗಿ ಬಳಸುದಾರಿ ಮಾಡಿಕೊಂಡಿರುತ್ತದೆ. ಬ್ರಿಟನ್ನಿನ ದೊಡ್ಡ ಪರೀಕ್ಷೆಯೊಂದರ 2004ರ ವರದಿಯಂತೆ, ಮೊದಲ 30 ದಿನಗಳಲ್ಲಿ ಸತ್ತವರು ಹೊಟ್ಟೆ ತೆರೆದ ಗುಂಪಿನಲ್ಲಿ ನೂರಕ್ಕೆ 4.7, ಸ್ಟೆಂಟ್ ಗುಂಪಿನಲ್ಲಿ 1.7. ಆದರೆ ವರ್ಷಗಳು ಕಳೆದಂತೆ ಈ ಮೇಲುಗೈ ಕರಗಿತು. ಸ್ಟೆಂಟ್ ಹಾಕಿಸಿಕೊಂಡವರನ್ನು ಬದುಕಿರುವವರೆಗೂ ಗಮನಿಸುತ್ತಿರಬೇಕೆಂದು ತಿಳಿಯಿತು.

ಅದಕ್ಕೆ ಒಂದು ಕಾರಣ ಕುತೂಹಲದ್ದು. ಕರುಳನ್ನು ಉಳಿಸುವ ಬಳಸುದಾರಿಯೇ ಕೆಲವೊಮ್ಮೆ ಉಬ್ಬಿಗೆ ನೀರೆರೆಯುತ್ತದೆ! ನಡುತೂಬಿನಿಂದ ಬಂದ ರಕ್ತ ಕೆಳತೂಬಿನ ನಾಳದಲ್ಲಿ ಹಿಮ್ಮುಖವಾಗಿ ಹರಿದು, ಮುಚ್ಚಿದೆವೆಂದುಕೊಂಡ ಉಬ್ಬಿನೊಳಕ್ಕೆ ಹಿಂದಿನಿಂದ ಸೇರುತ್ತದೆ. ನಾಲೆಯ ತೂಬು ಮುಚ್ಚಿದ್ದರೂ ಪಕ್ಕದ ಗದ್ದೆಯ ಬಸಿನೀರು ಬಂದು ನಿಂತಂತೆ.

ಕರುಳು ನೊಂದದ್ದನ್ನು ಅಳೆಯುವುದು

ಉಬ್ಬು ಮೇಲಕ್ಕೆ ಹಬ್ಬಿ ಮೊದಲೆರಡು ತೂಬುಗಳನ್ನೂ ಒಳಗೊಂಡಾಗ ಆಟ ಬದಲಾಗುತ್ತದೆ. ಮೇಲಿನ ತೂಬೊಂದನ್ನು ಮುಚ್ಚಿದರೆ ಮೇದೋಜೀರಕದ ಸುತ್ತಲಿನ ಜೋಡಣೆಗಳ ಮೂಲಕ ನಡುತೂಬು ಅದರ ಹೊರೆ ಹೊರಬಹುದು. ಹೊರಬಲ್ಲುದೇ ಎಂದು ಮೊದಲೇ ಪರೀಕ್ಷಿಸಿ ವೈದ್ಯರು ಕೆಲವೊಮ್ಮೆ ಬೇಕೆಂದೇ ಹಾಗೆ ಮಾಡುತ್ತಾರೆ. ನಡುತೂಬು ಮುಚ್ಚಿದರೆ ಮಾತ್ರ ಲಿಟ್ಟನ್ನನ ನಾಯಿಯ ಗತಿ.

ರಕ್ತ ಪೂರ್ತಿ ನಿಲ್ಲದೆ, ಬರಿದೆ ಕಡಿಮೆಯಾದರೆ ಕರುಳಿಗೆ ಏನಾಗುತ್ತದೆ? ಇದಕ್ಕೆ ಅಳತೆಗೋಲು ಕೊಟ್ಟದ್ದೂ ನಾಯಿಗಳೇ. ಕರುಳಿನ ಒಳಗೋಡೆಯಲ್ಲಿ ಬೆರಳಿನಂಥ ಲಕ್ಷಾಂತರ ಸೂಕ್ಷ್ಮ ಚಾಚುಗಳಿವೆ, ಆಹಾರ ಹೀರುವುದು ಅವೇ. ರಕ್ತ ಕಡಿಮೆಯಾದಾಗ ಮೊದಲು ನೋಯುವುದು ಅವುಗಳ ತುದಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಚಿಯು ಮತ್ತು ಸಂಗಡಿಗರು ನಾಯಿಗಳ ಕರುಳಿಗೆ ರಕ್ತ ತಗ್ಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿ, 1970ರಲ್ಲಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವ ಕ್ರಮ ರೂಪಿಸಿದರು. ಸೊನ್ನೆ ಎಂದರೆ ಆರೋಗ್ಯ. ಒಂದು ಎಂದರೆ ಚಾಚಿನ ತುದಿಯಲ್ಲಿ ಹೊದಿಕೆಯ ಕೆಳಗೆ ಸಣ್ಣ ಬಿರುಕು. ಐದು ಎಂದರೆ ಹುಣ್ಣಾಗಿ ರಕ್ತ ಒಸರುವ ಸ್ಥಿತಿ. ಇಂದಿಗೂ ಯಾವುದೇ ಪ್ರಾಣಿಯಲ್ಲಿ ಕರುಳಿನ ರಕ್ತಪೂರೈಕೆ ಪರೀಕ್ಷಿಸುವ ಪ್ರಯೋಗಗಳಲ್ಲಿ ಈ ಅಂಕಗಳು ಬಳಕೆಯಲ್ಲಿವೆ. ತೂಬಿನ ಬಾಯಿ ಚಿತ್ರದಲ್ಲಿ ತೆರೆದು ಕಾಣುವುದಷ್ಟೇ ಸಾಲದು, ಕೊನೆಯ ಗದ್ದೆಯ ಪೈರು ಹಸಿರಾಗಿದೆಯೇ ಎಂದೂ ನೋಡಬೇಕೆಂಬ ವಿವೇಕ ಅದರ ಹಿಂದಿದೆ.

ಇಲ್ಲಿ ಪ್ರಾಣಿ ಪ್ರಾಣಿಗೂ ಇರುವ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಹಂದಿಯ ನಾಳಗಳ ಗಾತ್ರ ನಮಗೆ ಹತ್ತಿರ, ಆದರೆ ಅದರ ದೊಡ್ಡ ಕರುಳು ಸುರುಳಿ ಸುತ್ತಿಕೊಂಡಿದೆ. ಎಳೆಯ ಹಂದಿ ಬೇಗ ಬೆಳೆಯುವುದರಿಂದ ಇಂದು ಹೊಂದಿದ ಸ್ಟೆಂಟ್ ಕೆಲವೇ ತಿಂಗಳಲ್ಲಿ ಚಿಕ್ಕದಾಗುತ್ತದೆ. ಹೆಚ್ಚು ಬೆಳೆಯದ ಗಿಡ್ಡ ತಳಿಗಳನ್ನು ಅದಕ್ಕೇ ಬಳಸುತ್ತಾರೆ. ಕುರಿ ಶಾಂತ ಪ್ರಾಣಿ, ಆದರೆ ಮೆಲುಕು ಹಾಕುವ ಅದರ ಹೊಟ್ಟೆಗೆ ನಾಲ್ಕು ಕೋಣೆ. ಇವೆಲ್ಲಕ್ಕಿಂತ ದೊಡ್ಡ ಅಂತರ ಕೂಪರನ ಕಾಲದ್ದೇ. ಪ್ರಯೋಗದ ಪ್ರಾಣಿ ಸಾಮಾನ್ಯವಾಗಿ ಎಳೆಯದು, ಆರೋಗ್ಯವಂತ. ಸ್ಟೆಂಟ್ ಬೇಕಾದ ಮನುಷ್ಯನೋ ಎಪ್ಪತ್ತು ದಾಟಿದವ, ನಾಳದ ಗೋಡೆಯಲ್ಲಿ ಸುಣ್ಣ ಮತ್ತು ಕೊಬ್ಬು ಕಟ್ಟಿದವ. ಸ್ಟೆಂಟ್ ತಳ್ಳುವಾಗ ಆ ಹಕ್ಕಳೆಯ ಚೂರುಗಳು ಕಳಚಿ ಕರುಳಿನ ಸಣ್ಣ ನಾಳಗಳಿಗೆ ಹೋಗಿ ಸಿಕ್ಕಿಕೊಳ್ಳಬಹುದು. ತೂಬು ಮೂರೂ ತೆರೆದಿದ್ದರೂ ಕರುಳು ಬಾಡಬಹುದು. ಆರೋಗ್ಯವಂತ ನಾಯಿಯ ನುಣುಪಾದ ನಾಳ ಈ ಅಪಾಯವನ್ನು ಮುಂದಾಗಿ ಹೇಳಲಾರದು. ಅದನ್ನು ರೋಗಿಗಳಿಂದಲೇ ಕಲಿಯಬೇಕಾಯಿತು.

ಕಿಟಕಿ ಇಟ್ಟ ಬಟ್ಟೆ

ಪರಿಹಾರ ಬಂದದ್ದು ತೋಟದವನೂ ಮಾಡುತ್ತಿದ್ದ ರೀತಿಯಲ್ಲಿ: ಕವಲು ಎಲ್ಲೆಲ್ಲಿವೆಯೋ ಅಲ್ಲಲ್ಲಿ ಹೊಸ ಪೈಪಿಗೆ ತೂತು ಕೊರೆಯುವುದು. 1990ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರು ಕಿಟಕಿಗಳಿರುವ ಬಟ್ಟೆಯ ಸ್ಟೆಂಟನ್ನು ಬೆಳೆಸಿದರು. 2001ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ತಿಮೊತಿ ಚೂಟರ್ ತಂಡ ಒಂದೊಂದು ತೂಬಿಗೂ ಒಂದೊಂದು ತೋಳಿರುವ ಸ್ಟೆಂಟನ್ನು ವರದಿ ಮಾಡಿತು. ರೋಗಿಯ ಸ್ಕ್ಯಾನ್ ನೋಡಿ ತೂಬುಗಳ ಅಂತರ, ಕೋನ ಅಳೆದು, ದರ್ಜಿ ಅಂಗಿ ಹೊಲಿದಂತೆ ಅವರವರ ಅಳತೆಗೆ ಸ್ಟೆಂಟ್ ಹೊಲಿಯುತ್ತಾರೆ. ಕಿಟಕಿ ಕೆಲವು ಮಿಲಿಮೀಟರ್ ಸರಿದರೂ ತೂಬಿಗೆ ಬಟ್ಟೆ ಅಡ್ಡ ಬರುತ್ತದೆ. ಅದಕ್ಕೇ ಕಿಟಕಿಯಿಂದ ತೂಬಿನೊಳಕ್ಕೆ ಇನ್ನೊಂದು ಸಣ್ಣ ಸ್ಟೆಂಟ್ ತೂರಿಸಿ ಬಿಗಿ ಮಾಡುತ್ತಾರೆ.

ನಮ್ಮ ದೇಶದಲ್ಲೂ ಈ ಹಾದಿಯನ್ನು ಪ್ರಾಣಿಗಳೊಂದಿಗೇ ನಡೆದಿದ್ದೇವೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಎಂ.ಎಸ್. ವಲಿಯಥಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಹೃದಯದ ಕೃತಕ ಕವಾಟ ಮನುಷ್ಯರಿಗೆ ಬರುವ ಮುನ್ನ ಕುರಿಗಳ ಎದೆಯಲ್ಲಿ ಬಡಿಯಿತು. ಮೂರು ಮಾದರಿಗಳು ಸೋತು ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರಿನಲ್ಲಿ, ಪರೋದಿಯ ಸ್ಟೆಂಟ್ ಬಂದ ಮೂರೇ ತಿಂಗಳಿಗೆ, ಮೊದಲ ರೋಗಿಗೆ ಅದನ್ನು ಜೋಡಿಸಲಾಯಿತು. ವಲಿಯಥಾನ್ ಬಳಿಕ ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು. 2024ರ ಜುಲೈನಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಅದೇ ಶ್ರೀ ಚಿತ್ರಾ ಸಂಸ್ಥೆ ಮಿದುಳಿನ ನಾಳದ ಉಬ್ಬಿಗಾಗಿ ಸ್ವದೇಶಿ ಸ್ಟೆಂಟೊಂದನ್ನು ರೂಪಿಸಿರುವುದಾಗಿ 2020ರಲ್ಲಿ ಪ್ರಕಟಿಸಿತು. ಅದಕ್ಕೆ ಬೇಕಾದ ನಿಟಿನಾಲ್ ಲೋಹ ಬಂದದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಿಂದ. ಅಲ್ಲೂ ಮುಂದಿನ ಹೆಜ್ಜೆಯೆಂದು ಹೇಳಿದ್ದು ಪ್ರಾಣಿಗಳಲ್ಲಿ ಪರೀಕ್ಷೆಯನ್ನೇ. ಉಬ್ಬಿಗೆ ರಕ್ತ ತಪ್ಪಿಸಿ ಕವಲುಗಳಿಗೆ ಬಿಡಬೇಕೆಂಬ ಸಮಸ್ಯೆ ಮಿದುಳಿನಲ್ಲೂ ಹೊಟ್ಟೆಯಲ್ಲೂ ಒಂದೇ.

ಯಾವ ಪ್ರಾಣಿಯೂ ತಾನಾಗಿ ಒಪ್ಪಿ ಈ ಕೆಲಸಕ್ಕೆ ಬಂದದ್ದಲ್ಲ. 1950ರ ದಶಕದಲ್ಲಿ ರಾಜ್ಯಸಭೆಯಲ್ಲಿ ಇದನ್ನು ಎತ್ತಿ ಮಸೂದೆ ತಂದವರು ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್. ಅದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಪ್ರಯೋಗಗಳ ಮೇಲೆ ಕಣ್ಣಿಡಲು ಸಮಿತಿಗೆ ಅದು ಅವಕಾಶ ಕೊಟ್ಟಿತು, ಅರಿವಳಿಕೆಯಿಲ್ಲದೆ ಪ್ರಾಣಿಯನ್ನು ಕೊಯ್ಯಬಾರದೆಂಬ ಎಚ್ಚರವನ್ನು ಬರೆದಿಟ್ಟಿತು. 1998ರ ನಿಯಮಗಳು ಇನ್ನಷ್ಟು ಬಿಗಿ ಮಾಡಿದವು. ಬೇರೆ ದಾರಿಯಿದ್ದಾಗ ಪ್ರಾಣಿ ಬೇಡ, ಬೇಕೇ ಬೇಕಾದರೆ ಕಡಿಮೆ ಸಂಖ್ಯೆ, ಕಡಿಮೆ ನೋವು ಎನ್ನುವುದು ಇಂದಿನ ನೀತಿ. ಕಂಪ್ಯೂಟರಿನಲ್ಲಿ ರಕ್ತದ ಹರಿವನ್ನು ಲೆಕ್ಕ ಹಾಕುವುದೂ ಗಾಜಿನ ಕೊಳವೆಗಳಲ್ಲಿ ಹರಿಸಿ ನೋಡುವುದೂ ಪ್ರಾಣಿಗಳ ಹೊರೆಯನ್ನು ಕಡಿಮೆ ಮಾಡುತ್ತಿವೆ. ಪೊರೆ ಹೇಗೆ ಬೆಳೆಯುತ್ತದೆ, ಕರುಳಿನ ತುದಿ ಹೇಗೆ ನೋಯುತ್ತದೆ ಎಂಬುದನ್ನು ಮಾತ್ರ ಜೀವವೇ ಇನ್ನೂ ಹೇಳಬೇಕಾಗಿದೆ.

ಕೊನೆಯಂಚಿನ ಮಾತು

ತಿಪಟೂರಿನಿಂದ ರೈಲು ಹತ್ತಿದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಈಗ ಈ ಚಿಕಿತ್ಸೆ ಸಿಗುತ್ತದೆ. ಅರವತ್ತೈದು ದಾಟಿದ, ಬೀಡಿ-ಸಿಗರೇಟು ಸೇದಿದ ಗಂಡಸರು ಒಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿಕೊಂಡರೆ ಉಬ್ಬು ಇದೆಯೋ ಇಲ್ಲವೋ ತಿಳಿಯುತ್ತದೆ. ನೋವಿಲ್ಲದ, ಕೆಲವೇ ನಿಮಿಷಗಳ ಪರೀಕ್ಷೆ ಅದು. ಸ್ಟೆಂಟ್ ಹಾಕಬೇಕೆಂದು ವೈದ್ಯರು ಹೇಳಿದರೆ ಮನೆಯವರು ಸಂಕೋಚವಿಲ್ಲದೆ ಕೇಳಬಹುದಾದ ಪ್ರಶ್ನೆಯೊಂದಿದೆ: "ಕರುಳಿನ ಮೂರು ನಾಳಗಳಲ್ಲಿ ಯಾವುದು ಮುಚ್ಚುತ್ತದೆ, ಉಳಿದವು ಚೆನ್ನಾಗಿವೆಯೇ?" ಸ್ಟೆಂಟ್ ಹಾಕಿದ ಮೇಲಿನ ದಿನಗಳಲ್ಲಿ ಹೊಟ್ಟೆ ತೀವ್ರವಾಗಿ ನೋಯುವುದು, ಮಲದಲ್ಲಿ ರಕ್ತ ಕಾಣುವುದು ಇವನ್ನು ಗ್ಯಾಸೆಂದು ತಳ್ಳಿಹಾಕದೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಕರುಳಿನ ಮಟ್ಟಿಗೆ ಗಂಟೆಗಳ ಲೆಕ್ಕ, ದಿನಗಳದ್ದಲ್ಲ.

ನಾಲೆಯಲ್ಲಿ ನೀರು ಬಿಟ್ಟರೆಂಬ ಸುದ್ದಿ ಬಂದಾಗ ಮೇಲಿನ ತೂಬಿನವರು ಸಂತೋಷಪಡುತ್ತಾರೆ. ಕೊನೆಯಂಚಿನ ರೈತ ಮಾತ್ರ ತನ್ನ ಹೊಲಕ್ಕೆ ತೇವ ಬರುವವರೆಗೆ ನಂಬುವುದಿಲ್ಲ. ಸ್ಟೆಂಟಿನ ಇತಿಹಾಸವನ್ನೂ ಹಾಗೆಯೇ ಓದಬೇಕು. ನಾಲೆಯ ಒಡಕು ಮುಚ್ಚಿತೆಂಬ ಸುದ್ದಿ ದೊಡ್ಡದು ನಿಜ. ಆದರೆ ಕೊನೆಯ ಗದ್ದೆಗೆ ನೀರು ತಲುಪಿತೇ ಎಂದು ಕೇಳಲು ನಮಗೆ ಕಲಿಸಿದ್ದು ಲಂಡನ್ನಿನ, ಜರ್ಮನಿಯ, ಹ್ಯೂಸ್ಟನ್ನಿನ, ಮಾಂಟ್ರಿಯಲ್ಲಿನ ಹೆಸರಿಲ್ಲದ ನಾಯಿಗಳು. ಅವು ಹೇಳಿದ್ದು ಅರ್ಧ ಸತ್ಯ, ಉಳಿದರ್ಧವನ್ನು ನಮ್ಮ ಮುದುಕರ ಮೈಯಿಂದಲೇ ಕಲಿಯಬೇಕಾಯಿತು. ಆ ಅರ್ಧವೂ ಪ್ರಾಣ ತೆತ್ತು ಹೇಳಿದ್ದು ಎಂಬ ನೆನಪಿದ್ದರೆ, ಅದನ್ನು ಪೂರ್ತಿಯೆಂದು ನಂಬುವ ತಪ್ಪನ್ನೂ ಮಾಡೆವು, ಹಗುರವಾಗಿಯೂ ಕಾಣೆವು.